ಸಾಲ ತೀರಿಸಲು ಸಣ್ಣ ವ್ಯವಹಾರ ಮಾರುವುದು: ಒಬ್ಬರೇ ಮಕ್ಕಳನ್ನು ಸಾಕುತ್ತಿರುವವರಿಗೆ ಹಂತ ಹಂತದ ಮಾರ್ಗದರ್ಶಿ

"ವ್ಯವಹಾರ ಮಾರಿಬಿಟ್ಟರೆ ಸಾಲವೆಲ್ಲ ಚುಕ್ತಾ ಆಗುತ್ತದೆಯೇ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು, ಅದರಲ್ಲೂ ಮನೆಯಲ್ಲಿ ದುಡಿಯುವವರು ತಾವೊಬ್ಬರೇ ಆಗಿರುವ ತಾಯಂದಿರು ಮತ್ತು ತಂದೆಯಂದಿರು. ಬೆಲೆ ಒಂದನ್ನೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಖರ್ಚು, ತೆರಿಗೆ, ಮುಂದೂಡಿದ ಕಂತು ಎಲ್ಲ ಕಳೆದ ಮೇಲೆ ಮಾರಾಟದ ದಿನ ಕೈಗೆ ಎಷ್ಟು ಬರುತ್ತದೆ, ಯಾವ ಯಾವ ಸಾಲದ ಕಾಗದದಿಂದ ನಿಮ್ಮ ಹೆಸರು ತೆಗೆಯುತ್ತಾರೆ ಎಂಬುದನ್ನು ಲೆಕ್ಕ ಹಾಕಿದ ಮೇಲೆಯೇ ಉತ್ತರ ಸಿಗುವುದು. ಇನ್ನೊಂದು ಮಾತು. ವ್ಯವಹಾರ ಮಾರಿದ ಮರುದಿನ ನಿಮ್ಮ ಸಂಬಳವೂ ನಿಂತಿರುತ್ತದೆ. ಇಬ್ಬರು ದುಡಿಯುವ ಮನೆಯಲ್ಲಿ ಆ ತಿಂಗಳುಗಳನ್ನು ಇನ್ನೊಬ್ಬರ ಗಳಿಕೆ ದಾಟಿಸುತ್ತದೆ, ನಿಮ್ಮ ಮನೆಯಲ್ಲಿ ಹಾಗಿಲ್ಲ. ಈ ಲೇಖನದ ಪ್ರತಿ ಹಂತವೂ ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡಿದೆ.

ಕಾನೂನು, ತೆರಿಗೆ ದೇಶದಿಂದ ದೇಶಕ್ಕೆ ಬೇರೆ. ಆದ್ದರಿಂದ ಎಲ್ಲ ಕಡೆ ನಿಲ್ಲುವ ಕ್ರಮವನ್ನಷ್ಟೇ ಇಲ್ಲಿ ಕೊಟ್ಟಿದ್ದೇವೆ. ಉದಾಹರಣೆಯ ಅಂಕಿಗಳಿಗೆ ನಾಣ್ಯದ ಹೆಸರು ಹಾಕಿಲ್ಲ. ಸಾವಿರವೆಂದಾದರೂ ಲಕ್ಷವೆಂದಾದರೂ ಓದಿಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ.

ಮೊದಲು ಕೈಯಲ್ಲಿರಬೇಕಾದವು

ಕಳೆದ 3 ವರ್ಷದ ಲೆಕ್ಕಪತ್ರ ಮತ್ತು ತೆರಿಗೆ ಸಲ್ಲಿಕೆಗಳು, ಕನಿಷ್ಠ 12 ತಿಂಗಳ ಬ್ಯಾಂಕ್ ಹೇಳಿಕೆ, ಪ್ರತಿ ಸಾಲದ ಕರಾರು, ಬಾಡಿಗೆ ಕರಾರು, ಪರವಾನಗಿಗಳು, ಯಂತ್ರೋಪಕರಣಗಳ ಖರೀದಿ ರಸೀದಿ, ನೌಕರರ ಸಂಬಳ ಮತ್ತು ಸೇವಾವಧಿಯ ವಿವರ. ವಿಚ್ಛೇದನ ಆಗಿದ್ದರೆ ನ್ಯಾಯಾಲಯದ ಆದೇಶ, ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ಉತ್ತರಾಧಿಕಾರದ ಕಾಗದಗಳು. ಇವಿಷ್ಟು ಒಂದು ಕಡತದಲ್ಲಿ ಸೇರುವ ತನಕ ಯಾರಿಗೂ ಬೆಲೆ ಹೇಳಬೇಡಿ.

ಸಮಯದ ಅಂದಾಜೂ ಇರಲಿ. ಸಣ್ಣ ವ್ಯವಹಾರವೊಂದು ಮಾರಾಟವಾಗಲು ಸಾಮಾನ್ಯವಾಗಿ 6ರಿಂದ 12 ತಿಂಗಳು ಹಿಡಿಯುತ್ತದೆ. 2 ತಿಂಗಳಲ್ಲಿ ಗಡುವು ಇರುವ ಸಾಲ ಮಾರಾಟದ ಹಣ ಬರುವ ತನಕ ಕಾಯಲಾರದು. ಅಂಥ ಸಾಲವಿದ್ದರೆ 5ನೇ ಹಂತದ ಕೆಲಸವನ್ನು ಇಂದೇ ಶುರುಮಾಡಿ.

ಹಂತ 1: ಸಾಲಗಳನ್ನು ಒಂದೇ ಹಾಳೆಗೆ ತನ್ನಿ

ಪ್ರತಿ ಸಾಲಕ್ಕೆ ಒಂದು ಸಾಲು, ಏಳು ಅಂಕಣ: ಯಾರಿಗೆ ಕೊಡಬೇಕು, ಅಸಲು ಬಾಕಿ ಎಷ್ಟು, ವರ್ಷಕ್ಕೆ ಬಡ್ಡಿ ಎಷ್ಟು, ಸಾಲ ಯಾರ ಹೆಸರಲ್ಲಿದೆ, ಏನು ಅಡಮಾನವಿದೆ, ಯಾರು ಜಾಮೀನು ನಿಂತಿದ್ದಾರೆ, ಅವಧಿಗೆ ಮೊದಲೇ ತೀರಿಸಿದರೆ ದಂಡವಿದೆಯೇ. ಕೊನೆಯ ನಾಲ್ಕು ಅಂಕಣಗಳನ್ನು ಬಹಳಷ್ಟು ಜನ ಖಾಲಿ ಬಿಡುತ್ತಾರೆ. ಆದರೆ ಮಾರಾಟದ ನಂತರ ನಿಮ್ಮ ಬೆನ್ನು ಬಿಡದ ಸಾಲ ಯಾವುದೆಂದು ತಿಳಿಯುವುದು ಅಲ್ಲಿಯೇ.

ಬಡ್ಡಿಯನ್ನು ಒಂದೇ ಅಳತೆಗೆ ತನ್ನಿ. "ತಿಂಗಳಿಗೆ 2" ಎಂಬ ಕೈಸಾಲ ವರ್ಷಕ್ಕೆ 24 ಶೇಕಡಾ. ಬಡ್ಡಿಗೆ ಬಡ್ಡಿ ಸೇರಿದರೆ 26.8 ಶೇಕಡಾ ದಾಟುತ್ತದೆ. "ಫ್ಲಾಟ್" ಬಡ್ಡಿಯೆಂದರೆ ಕಂತು ಕಟ್ಟುತ್ತ ಅಸಲು ಕರಗಿದರೂ ಮೊದಲ ದಿನದ ಪೂರ್ತಿ ಅಸಲಿನ ಮೇಲೆ ಲೆಕ್ಕ ಹಾಕುವ ಬಡ್ಡಿ. ಒಂದು ವರ್ಷದ ಮಾಸಿಕ ಕಂತಿನ ಸಾಲಕ್ಕೆ 12 ಶೇಕಡಾ ಫ್ಲಾಟ್ ಎಂದರೆ, ಉಳಿದ ಅಸಲಿನ ಮೇಲಷ್ಟೇ ಲೆಕ್ಕ ಹಾಕುವ ಕ್ರಮದಲ್ಲಿ ಅದು ಸುಮಾರು 21.5 ಶೇಕಡಾ ಆಗುತ್ತದೆ. ಹಾಳೆಯ ಮೇಲೆ 12 ಎಂದು ಬರೆದುಕೊಂಡರೆ ಯಾವುದನ್ನು ಮೊದಲು ತೀರಿಸಬೇಕೆಂಬ ತೀರ್ಮಾನವೇ ತಪ್ಪುತ್ತದೆ.

ಸಾಲವೆಂದು ಹೊಳೆಯದ ಬಾಕಿಗಳೂ ಇರುತ್ತವೆ: ಸರಬರಾಜುದಾರರಿಗೆ ಕೊಡಬೇಕಾದ ಉದ್ರಿ, ನೌಕರರ ಉಳಿದ ಸಂಬಳ ಮತ್ತು ಬಳಸದ ರಜೆಯ ಹಣ, ಕಟ್ಟದ ತೆರಿಗೆ, ಗಿರಾಕಿಗಳಿಂದ ಪಡೆದ ಮುಂಗಡ. ಮುಂಗಡ ಪಡೆದು ಇನ್ನೂ ಮಾಡಿಕೊಡದ ಕೆಲಸ ಸಾಲವೇ. ಖರೀದಿದಾರರು ಅದನ್ನು ಬೆಲೆಯಿಂದ ಕಳೆಯುತ್ತಾರೆ, ಕಳೆಯಬೇಕು ಕೂಡ.

ಹಂತ 2: ಮಾರುವ ಹಕ್ಕು ನಿಮ್ಮೊಬ್ಬರದೇ ಎಂದು ಖಚಿತಪಡಿಸಿಕೊಳ್ಳಿ

ಒಬ್ಬರೇ ನಡೆಸುತ್ತಿದ್ದೀರಿ ಎಂದ ಮಾತ್ರಕ್ಕೆ ಒಡೆತನ ನಿಮ್ಮೊಬ್ಬರದೇ ಎಂದೇನಿಲ್ಲ. ಮೂರು ಕಡೆ ಸಿಕ್ಕಿಕೊಳ್ಳುತ್ತದೆ.

ಬೇರೆಯಾದ ಸಂಗಾತಿಯ ಹೆಸರು ಪಾಲುದಾರಿಕೆ ಪತ್ರದಲ್ಲೋ ಬಾಡಿಗೆ ಕರಾರಿನಲ್ಲೋ ಬ್ಯಾಂಕ್ ಖಾತೆಯಲ್ಲೋ ಹಾಗೆಯೇ ಉಳಿದಿರಬಹುದು. ವಿಚ್ಛೇದನದ ಆದೇಶದಲ್ಲಿ ವ್ಯವಹಾರ ನಿಮ್ಮದೆಂದು ಬರೆದಿದ್ದರೂ ಆ ದಾಖಲೆಗಳಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ. ಸಹಿ ಬೇಕಾದಲ್ಲಿ ಈಗಲೇ ಪಡೆಯಿರಿ. ಖರೀದಿದಾರರು ಹಣ ಹಿಡಿದು ನಿಂತಾಗ ಕೇಳಿದರೆ ಆ ಸಹಿಗೂ ಒಂದು ಬೆಲೆ ಕಟ್ಟುವವರಿದ್ದಾರೆ.

ಸಂಗಾತಿ ತೀರಿಕೊಂಡಿದ್ದು ವ್ಯವಹಾರ ಅವರ ಹೆಸರಲ್ಲಿದ್ದರೆ, ಮಕ್ಕಳೂ ವಾರಸುದಾರರಾಗಿರಬಹುದು. ಅಪ್ರಾಪ್ತ ಮಕ್ಕಳ ಪಾಲಿನ ಆಸ್ತಿ ಮಾರಲು ಪೋಷಕರಿಗೂ ನ್ಯಾಯಾಲಯದ ಅನುಮತಿ ಬೇಕೆಂಬ ನಿಯಮ ಅನೇಕ ದೇಶಗಳಲ್ಲಿದೆ. ಆ ಪಾಲಿನ ಹಣವನ್ನು ನಿಮ್ಮ ಸಾಲಕ್ಕೆ ಬಳಸುವಂತಿಲ್ಲ ಎಂಬ ಷರತ್ತೂ ಬರಬಹುದು. ಅನುಮತಿಗೆ ತಿಂಗಳುಗಳು ಹಿಡಿಯುತ್ತವೆ, ಆದ್ದರಿಂದ ಈ ಪ್ರಶ್ನೆಯನ್ನು ವಕೀಲರ ಮುಂದೆ ಎಲ್ಲಕ್ಕಿಂತ ಮೊದಲು ಇಡಿ.

ಮೂರನೆಯದು, ಅಡಮಾನವಿರುವ ಯಂತ್ರ ಅಥವಾ ದಾಸ್ತಾನು. ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಅದನ್ನು ಮಾರುವುದು ಕರಾರು ಭಂಗ. ಕೆಲವು ಕಡೆ ಅಪರಾಧವೂ ಹೌದು.

ಹಂತ 3: ಮಾಲೀಕರ ನಿಜವಾದ ಗಳಿಕೆ ಎಷ್ಟು, ಲೆಕ್ಕ ಹಾಕಿ

ಸಣ್ಣ ವ್ಯವಹಾರಕ್ಕೆ ಬೆಲೆ ಕಟ್ಟುವುದು "ಮಾಲೀಕ ಗಳಿಕೆ"ಯ ಮೇಲೆ. ಪೂರ್ಣಾವಧಿ ದುಡಿಯುವ ಒಬ್ಬ ಮಾಲೀಕರಿಗೆ ವರ್ಷಕ್ಕೆ ಈ ವ್ಯವಹಾರ ಒಟ್ಟು ಎಷ್ಟು ಕೊಡುತ್ತದೆ ಎಂಬುದೇ ಮಾಲೀಕ ಗಳಿಕೆ. ಒಂದು ಉದಾಹರಣೆ:

ಲೆಕ್ಕಪತ್ರದ ಪ್ರಕಾರ ನಿವ್ವಳ ಲಾಭ 30
ಖರ್ಚೆಂದು ಬರೆದಿರುವ ನಿಮ್ಮ ಸಂಬಳ, ಕೂಡಿ 24
ಸಾಲದ ಬಡ್ಡಿ, ಕೂಡಿ 10
ಸವಕಳಿ, ಅಂದರೆ ಯಂತ್ರ ಹಳತಾಗುವುದಕ್ಕೆ ಪುಸ್ತಕದಲ್ಲಿ ಕಳೆದ ಮೊತ್ತ, ಕೂಡಿ 4
ಮತ್ತೆ ಬಾರದ ಒಂದು ರಿಪೇರಿ ಖರ್ಚು, ಕೂಡಿ 2
ಮೊತ್ತ 70
ಸಂಬಳವಿಲ್ಲದೆ ದುಡಿದ ಮನೆಯವರ ಕೆಲಸದ ಬೆಲೆ, ಕಳೆಯಿರಿ 12
ಮಾಲೀಕ ಗಳಿಕೆ 58

ಬಡ್ಡಿಯನ್ನು ಕೂಡುವುದೇಕೆಂದರೆ ನಿಮ್ಮ ಸಾಲ ಸಾಮಾನ್ಯವಾಗಿ ಹೊಸ ಮಾಲೀಕರಿಗೆ ಹೋಗುವುದಿಲ್ಲ. ಸಂಬಳವನ್ನು ಮಾತ್ರ ಎಚ್ಚರದಿಂದ ನೋಡಿ. ನೀವು ತೆಗೆದುಕೊಂಡ ಹಣವನ್ನು ಪುಸ್ತಕದಲ್ಲಿ ಖರ್ಚಾಗಿ ತೋರಿಸಿರದಿದ್ದರೆ ಅದು ಆಗಲೇ ಲಾಭದೊಳಗಿದೆ. ಮತ್ತೆ ಕೂಡಿದರೆ ಎರಡು ಸಲ ಎಣಿಸಿದಂತೆ. ಖರೀದಿದಾರರ ಲೆಕ್ಕಿಗರು ಮೊದಲು ಹಿಡಿಯುವ ತಪ್ಪು ಇದೇ, ಮತ್ತು ಒಮ್ಮೆ ಹಿಡಿದರೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ.

ಕೊನೆಗೆ ಕಳೆದ 12ನ್ನು ಒಂಟಿ ಪೋಷಕರು ಹೆಚ್ಚಾಗಿ ಮರೆಯುತ್ತಾರೆ. ಸಂಜೆ ಹೊತ್ತು ಗಲ್ಲಾದಲ್ಲಿ ಕೂರುವ ತಾಯಿ, ರಜೆಯಲ್ಲಿ ಕೈಜೋಡಿಸುವ ದೊಡ್ಡ ಮಗಳು ಮಾರಾಟದೊಂದಿಗೆ ಹೋಗುವುದಿಲ್ಲ. ಹೊಸ ಮಾಲೀಕರು ಅವರ ಜಾಗಕ್ಕೆ ಸಂಬಳ ಕೊಟ್ಟು ಜನರನ್ನಿಡಬೇಕು.

ಸಣ್ಣ ವ್ಯವಹಾರಗಳು ಸಾಮಾನ್ಯವಾಗಿ ಮಾಲೀಕ ಗಳಿಕೆಯ 1ರಿಂದ 3 ಪಟ್ಟಿನೊಳಗೆ ಮಾರಾಟವಾಗುತ್ತವೆ. ಗಿರಾಕಿಗಳು ನಿಮ್ಮ ಮುಖ ನೋಡಿ ಬರುವವರಾದರೆ 1ರ ಹತ್ತಿರ. ನೀವಿಲ್ಲದೆ ಒಂದು ತಿಂಗಳು ನಡೆಯುವಂತಿದ್ದರೆ, ಬಾಡಿಗೆ ಕರಾರಿಗೆ ಇನ್ನೂ ವರ್ಷಗಳಿದ್ದರೆ ಮೇಲಕ್ಕೆ. 2 ಪಟ್ಟು ಹಿಡಿದರೆ ನಮ್ಮ ಉದಾಹರಣೆಯಲ್ಲಿ 116. ದಾಸ್ತಾನು ಇದರೊಳಗೋ ಹೊರಗೋ ಎಂದು ಮೊದಲ ಮಾತುಕತೆಯಲ್ಲೇ ಹೇಳಿಬಿಡಿ.

ಬಡ್ಡಿ ಕಟ್ಟುವ ಮೊದಲು ವ್ಯವಹಾರ ಲಾಭದಲ್ಲಿದ್ದು ಬಡ್ಡಿಯೇ ಅದನ್ನು ನುಂಗುತ್ತಿದ್ದರೆ, ಸಾಲದ ಅವಧಿ ಹಿಗ್ಗಿಸಿ ಕಂತು ಇಳಿಸಿಕೊಳ್ಳುವುದು ಮಾರುವುದಕ್ಕಿಂತ ಮೇಲಾಗಬಹುದು. ಬಡ್ಡಿಗೆ ಮೊದಲೇ ನಷ್ಟವಿದ್ದರೆ ಗಳಿಕೆಯ ಪಟ್ಟು ಅನ್ವಯಿಸುವುದೇ ಇಲ್ಲ. ಯಂತ್ರ, ದಾಸ್ತಾನು, ಜಾಗದ ಕರಾರು ಇವಿಷ್ಟರ ಬೆಲೆಯೇ ನಿಮಗೆ ಸಿಗುವುದು. ಅಂಥ ವ್ಯವಹಾರವನ್ನು ಹೊಸ ಸಾಲ ಮಾಡಿ "ಚೆನ್ನಾಗಿ ಕಾಣುವಂತೆ" ಮಾಡಲು ಹೋಗಬೇಡಿ.

ಹಂತ 4: ಕೈಗೆ ಬರುವ ಹಣದಿಂದ ಹಿಂದಕ್ಕೆ ಲೆಕ್ಕ ಹಾಕಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ಅದೇ 116ರ ಮಾರಾಟ ತೆಗೆದುಕೊಳ್ಳೋಣ. ದಲ್ಲಾಳಿಯ ಕಮಿಷನ್ 10 ಶೇಕಡಾ ಎಂದರೆ 11.6. ವಕೀಲರು ಮತ್ತು ಲೆಕ್ಕಿಗರಿಗೆ 4. ಮಾರಾಟದ ಲಾಭದ ಮೇಲಿನ ತೆರಿಗೆ 12. ನೌಕರರ ಬಾಕಿ 5. ಉಳಿಯಿತು 83.4. ಖರೀದಿದಾರರು ಬೆಲೆಯ ಐದನೇ ಒಂದು ಭಾಗವನ್ನು, ಅಂದರೆ 23.2ನ್ನು ಆಮೇಲೆ ಕೊಡುತ್ತೇನೆಂದರು. ಮಾರಾಟದ ದಿನ ಕೈಗೆ ಬಂದದ್ದು 60.2.

ಮನೆ ಖರ್ಚು ತಿಂಗಳಿಗೆ 2 ಎಂದಿಟ್ಟುಕೊಂಡರೆ 6 ತಿಂಗಳಿಗೆ 12. ಇದನ್ನು ಎತ್ತಿಟ್ಟರೆ ಸಾಲಕ್ಕೆ ಸಿಗುವುದು 48.2. ಸಾಲದ ಹಾಳೆ ನೋಡಿ: ಮನೆ ಅಡಮಾನವಿಟ್ಟ ಬ್ಯಾಂಕ್ ಸಾಲ 40, ತಿಂಗಳಿಗೆ 2 ಶೇಕಡಾ ಬಡ್ಡಿಯ ಕೈಸಾಲ 18, ಸರಬರಾಜುದಾರರಿಗೆ 15, ನೆಂಟರಿಗೆ 12. ಒಟ್ಟು 85. ಬೆಲೆ 116, ಸಾಲ 85 ಎಂದು ಕಂಡಾಗ ಎಲ್ಲ ತೀರಿ ಮಿಗುತ್ತದೆ ಎನಿಸಿತ್ತು. ಈಗ 36.8 ಕಡಿಮೆ ಬಿದ್ದಿದೆ.

ಇನ್ನು ಹಿಂದಕ್ಕೆ ಬನ್ನಿ. ಸಾಲ 85, ಮನೆಯ ಇಡುಗಂಟು 12, ಕಮಿಷನ್ ಬಿಟ್ಟು ಉಳಿದ ಖರ್ಚು 21, ಒಟ್ಟು 118 ಬೇಕು. ಪೂರ್ತಿ ಹಣ ಒಮ್ಮೆಗೇ ಬರುವುದಾದರೆ 118ನ್ನು 0.9ರಿಂದ ಭಾಗಿಸಿ: ಸುಮಾರು 131. ಐದನೇ ಒಂದು ಭಾಗ ಮುಂದೂಡುವುದಾದರೆ 0.7ರಿಂದ ಭಾಗಿಸಿ: ಸುಮಾರು 169. ಬೆಲೆ ಏರಿದರೆ ತೆರಿಗೆಯೂ ಏರುವುದರಿಂದ ನಿಜವಾದ ಅಂಕಿ ಇನ್ನೂ ತುಸು ಮೇಲಿರುತ್ತದೆ. ನಿಮ್ಮ ವ್ಯವಹಾರಕ್ಕೆ ಅಷ್ಟು ಬೆಲೆ ಬಾರದೆಂದರೆ ಮಾರಾಟವೊಂದರಿಂದಲೇ ಎಲ್ಲ ತೀರದು. ಹಾಗಿದ್ದರೂ ಮಾರುವುದು ಸರಿಯೇ ಆಗಿರಬಹುದು. ಉಳಿಯುವ ಸಾಲ ಯಾವುದು ಎಂಬ ಆಯ್ಕೆ ಮಾತ್ರ ನಿಮ್ಮ ಕೈಯಲ್ಲಿರಲಿ.

ತೀರಿಸುವ ಕ್ರಮ ಹೀಗಿರಲಿ: ಕಾನೂನು ಮೊದಲು ಕೊಡಬೇಕೆನ್ನುವ ನೌಕರರ ಬಾಕಿ ಮತ್ತು ತೆರಿಗೆ, ಆಮೇಲೆ ಮಕ್ಕಳು ವಾಸಿಸುವ ಮನೆಯ ಮೇಲಿರುವ ಸಾಲ, ಆಮೇಲೆ ಬಡ್ಡಿ ಹೆಚ್ಚಿರುವುದು. 6 ತಿಂಗಳ ಮನೆ ಖರ್ಚನ್ನು ಮುಟ್ಟಿ ಸಾಲ ತೀರಿಸಿದವರು ಮೂರನೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚಿನ ಬಡ್ಡಿಗೆ ಹೊಸ ಸಾಲ ತರಬೇಕಾಗುತ್ತದೆ.

ಎಚ್ಚರಿಕೆ: ಎಲ್ಲ ಸಾಲ ತೀರುವುದಿಲ್ಲವೆಂದು ಗೊತ್ತಿದ್ದೂ ನೆಂಟರಿಗೆ ಮೊದಲು ಕೊಟ್ಟುಬಿಡಬೇಡಿ. ಮುಂದೆ ದಿವಾಳಿ ಪ್ರಕ್ರಿಯೆಗೆ ಹೋಗಬೇಕಾಗಿ ಬಂದರೆ, ಅದಕ್ಕೆ ಸ್ವಲ್ಪ ಮೊದಲು ಆಪ್ತರಿಗೆ ಕೊಟ್ಟ ಹಣವನ್ನು ಹಿಂದಕ್ಕೆ ಪಡೆಯುವ ಅಧಿಕಾರ ಬಹಳಷ್ಟು ದೇಶಗಳ ಕಾನೂನಿನಲ್ಲಿದೆ. ಅಗ್ಗದ ಬೆಲೆಗೆ ತಮ್ಮನ ಹೆಸರಿಗೆ ಬರೆದುಕೊಡುವುದಕ್ಕೂ ಅದೇ ಗತಿ. ಕಷ್ಟದಲ್ಲಿ ಕೈಹಿಡಿದ ಅಕ್ಕನಿಗೆ ಮೊದಲು ಕೊಡಬೇಕೆನಿಸುವುದು ಸಹಜ, ಆದರೆ ಕೊಟ್ಟ ಹಣ ಅವರ ಕೈಯಿಂದ ವಾಪಸು ಹೋಗುವಂತಾದರೆ ಅವರಿಗೇ ತೊಂದರೆ.

ಹಂತ 5: ಸಾಲ ಕೊಟ್ಟವರ ಜೊತೆ ಖರೀದಿದಾರರಿಗಿಂತ ಮೊದಲು ಮಾತನಾಡಿ

ಪ್ರತಿಯೊಬ್ಬರಿಂದ ಮೂರು ವಿಷಯಗಳನ್ನು ಬರಹದಲ್ಲಿ ಕೇಳಿ. ಒಂದು, ತೀರುವಳಿ ಮೊತ್ತದ ಪತ್ರ: ಇಂಥ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ಪೂರ್ತಿ ತೀರುತ್ತದೆ, ಆ ದಿನ ದಾಟಿದರೆ ದಿನಕ್ಕೆ ಇಷ್ಟು ಬಡ್ಡಿ ಎಂದು ಅದರಲ್ಲಿರಬೇಕು. ಎರಡು, ಹಣ ಬಂದ ಮೇಲೆ ಅಡಮಾನ ಮತ್ತು ವೈಯಕ್ತಿಕ ಜಾಮೀನು ಬಿಡಿಸಿಕೊಡುವ ಭರವಸೆ. ಮೂರು, ಮಾರಾಟ ನಡೆಯುವ ತನಕ ಬಡ್ಡಿ ಮಾತ್ರ ಕಟ್ಟಿಸಿಕೊಂಡು ವಸೂಲಿ ಕ್ರಮ ತಡೆಹಿಡಿಯುವ ಒಪ್ಪಿಗೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಸಾಲದ ಹಾಳೆ, ಬೆಲೆಯ ಅಂದಾಜು, ಮಾರಾಟಕ್ಕೆ ಬೇಕಾದ ಸಮಯ ಇವು ಒಂದು ಪುಟದಲ್ಲಿರಲಿ. ಕಂತು ತಪ್ಪುವ ಮೊದಲು ಬಂದವರ ಮಾತಿಗೆ ಸಿಗುವ ಬೆಲೆಯೇ ಬೇರೆ.

ಪೂರ್ತಿ ಕೊಡಲಾಗದಿದ್ದರೆ ರಾಜಿ ತೀರುವಳಿ ಕೇಳಬಹುದು, ಅಂದರೆ ಬಾಕಿಗಿಂತ ಕಡಿಮೆ ಕಟ್ಟಿ ಮುಗಿಸುವುದು. ಇದಕ್ಕೆ ಎರಡು ಬಾಲಂಗೋಚಿಗಳಿವೆ: ಸಾಲ ಇತಿಹಾಸದ ವರದಿಯಲ್ಲಿ ಪೂರ್ತಿ ತೀರಿಸಿದಂತೆ ದಾಖಲಾಗದೆ ರಾಜಿಯೆಂದು ಉಳಿಯಬಹುದು, ಮತ್ತು ಬಿಟ್ಟುಕೊಟ್ಟ ಮೊತ್ತವನ್ನು ಕೆಲವು ದೇಶಗಳು ನಿಮ್ಮ ಆದಾಯವೆಂದು ಎಣಿಸಿ ತೆರಿಗೆ ಕೇಳುತ್ತವೆ. ಫೋನಿನಲ್ಲಿ ಒಪ್ಪಿದ ರಾಜಿಗೆ ಒಂದು ಕಾಸೂ ಕಟ್ಟಬೇಡಿ, ಮೊದಲು ಪತ್ರ ಬರಲಿ.

ಹಂತ 6: ಮನೆಯನ್ನೂ ವ್ಯವಹಾರವನ್ನೂ ಬಿಡಿಸಿ

ಒಬ್ಬರೇ ನಡೆಸುವಾಗ ಎರಡೂ ಹೆಣೆದುಕೊಂಡಿರುತ್ತವೆ. ಮಕ್ಕಳನ್ನು ಶಾಲೆಗೆ ಬಿಡುವ ವಾಹನ ವ್ಯವಹಾರದ ಹೆಸರಲ್ಲಿರುತ್ತದೆ. ಶಾಲೆ, ವೈದ್ಯರು, ಬ್ಯಾಂಕು ಎಲ್ಲರ ಬಳಿಯಿರುವ ನಿಮ್ಮ ಫೋನ್ ಸಂಖ್ಯೆಯೇ ಗಿರಾಕಿಗಳ ಬಳಿಯೂ ಇರುತ್ತದೆ, ಮತ್ತು ಖರೀದಿದಾರರು ಆ ಸಂಖ್ಯೆಯನ್ನು ಖಂಡಿತ ಕೇಳುತ್ತಾರೆ. ಮಕ್ಕಳ ಆರೋಗ್ಯ ವಿಮೆ ವ್ಯವಹಾರದ ಮೂಲಕ ಇದ್ದರೆ ಮಾರಾಟದ ದಿನವೇ ಅದು ನಿಲ್ಲಬಹುದು. ಹೊಸ ಸಂಖ್ಯೆ, ಹೊಸ ವಿಮೆ, ವಾಹನದ ಹೆಸರು ಬದಲಾವಣೆ ಇವನ್ನು ಕನಿಷ್ಠ 2 ತಿಂಗಳು ಮೊದಲೇ ಮುಗಿಸಿ.

ಜೊತೆಗೆ 10ರಿಂದ 15 ಪುಟದ ಕೈಪಿಡಿ ಬರೆಯಿರಿ: ಬೆಳಿಗ್ಗೆ ತೆರೆಯುವುದರಿಂದ ರಾತ್ರಿ ಲೆಕ್ಕ ಮುಚ್ಚುವ ತನಕದ ಕೆಲಸ, ಯಾವ ಸರಕು ಯಾರಿಂದ, ಎಷ್ಟು ದಿನದ ಉದ್ರಿ, ಯಾವ ತಿಂಗಳು ವ್ಯಾಪಾರ ತಗ್ಗುತ್ತದೆ, ಯಂತ್ರ ಕೆಟ್ಟರೆ ಯಾರನ್ನು ಕರೆಯಬೇಕು. ಹಸ್ತಾಂತರದ ನಂತರ ದಿನಕ್ಕೆ ಹತ್ತು ಸಲ ಬರಬಹುದಾದ ಕರೆಗಳನ್ನು ಇದು ತಡೆಯುತ್ತದೆ.

ಇನ್ನೊಂದು ಕೆಲಸ. ಮಾರಾಟದ ನಡುವೆ ನೀವು ಆಸ್ಪತ್ರೆ ಸೇರಿದರೆ ಸಹಿ ಹಾಕುವವರು ಯಾರು? ನಂಬಿಕಸ್ಥರೊಬ್ಬರಿಗೆ ಈ ಮಾರಾಟಕ್ಕಷ್ಟೇ ಸೀಮಿತವಾದ ಮುಖ್ತಿಯಾರ್ ಪತ್ರ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಮಾಡಿಸಿಡಿ.

ಹಂತ 7: ಖರೀದಿದಾರರನ್ನು ಹುಡುಕುವುದು, ಗುಟ್ಟು ಕಾಯುವುದು

ಮೊದಲು ನೋಡಬೇಕಾದವರು ಹತ್ತಿರದಲ್ಲೇ ಇರುತ್ತಾರೆ: ಹಳೆಯ ನೌಕರರು, ಸರಬರಾಜುದಾರರು, ಅದೇ ಕಸುಬಿನ ಬೇರೆಯವರು. ಇವರಲ್ಲಿ ಒಬ್ಬರು ಸಿಕ್ಕರೆ ಕಮಿಷನ್ ಉಳಿಯುತ್ತದೆ. ಆದರೆ ಸುದ್ದಿ ಬೇಗ ಹೊರಬಿದ್ದರೆ ನೌಕರರು ಬೇರೆ ಕೆಲಸ ಹುಡುಕುತ್ತಾರೆ, ಸರಬರಾಜುದಾರರು ಉದ್ರಿ ನಿಲ್ಲಿಸುತ್ತಾರೆ. ಅಂಗಡಿಯ ಹೆಸರು ಹೇಳುವ ಮೊದಲೇ ಗೋಪ್ಯತೆಯ ಕರಾರಿಗೆ ಸಹಿ ಪಡೆಯಿರಿ. ಗಿರಾಕಿಗಳ ಪಟ್ಟಿ ಮತ್ತು ಲಾಭದ ಅಂತರ ಕೊನೆಗೆ, ಮುಂಗಡ ಬಂದ ಮೇಲೆ. ಚಿಕ್ಕ ಮಕ್ಕಳ ಮುಂದೆ ಹೆಸರು, ಬೆಲೆ ಆಡಬೇಡಿ. ಶಾಲೆಯಲ್ಲಿ ಹೇಳಿಬಿಟ್ಟರೆ ಅದು ಮಕ್ಕಳ ತಪ್ಪಲ್ಲ.

"ಏಕೆ ಮಾರುತ್ತಿದ್ದೀರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಸುಳ್ಳು ಹೇಳಬೇಡಿ. ಮಾರಾಟದ ನಂತರ ಸುಳ್ಳು ಬಯಲಾದರೆ ಖರೀದಿದಾರರು ಪರಿಹಾರ ಕೇಳಬಹುದು, ಮಾರಾಟವನ್ನೇ ರದ್ದುಪಡಿಸಬಹುದು. "ಸಾಲ ತೀರಿಸಿ, ಮಕ್ಕಳಿಗೆ ಸಮಯ ಸಿಗುವ ಕೆಲಸಕ್ಕೆ ಹೋಗಬೇಕೆಂದಿದ್ದೇನೆ" ಎಂದರೆ ನಿಜವನ್ನೇ ಹೇಳಿದಂತಾಯಿತು. ಆದರೆ ಯಾವ ದಿನಾಂಕಕ್ಕೆ ಎಷ್ಟು ಕಟ್ಟಬೇಕೆಂಬ ಗಡುವನ್ನು ತಾನಾಗಿ ಹೇಳಬೇಕಿಲ್ಲ. ಆ ದಿನಾಂಕ ತಿಳಿದ ಮೇಲೆ ಚೌಕಾಸಿ ಅದರ ಹಿಂದಿನ ವಾರಕ್ಕೆ ಸರಿಯುತ್ತದೆ.

ಹಂತ 8: ಪ್ರಸ್ತಾವಗಳನ್ನು ತೂಗಿನೋಡಿ

ಎರಡು ಪ್ರಸ್ತಾವ ಬಂದಿವೆ ಎನ್ನಿ. ಮೊದಲನೆಯವರು 116 ಕೊಡುತ್ತಾರೆ, ಅರ್ಧ ಈಗ, ಉಳಿದರ್ಧ ಬಡ್ಡಿಯಿಲ್ಲದೆ 24 ಮಾಸಿಕ ಕಂತಿನಲ್ಲಿ. ಎರಡನೆಯವರು 98 ಕೊಡುತ್ತಾರೆ, ಪೂರ್ತಿ ಈಗಲೇ. 18 ಬಿಟ್ಟುಕೊಡುವುದೇ ಎಂದು ಮನಸ್ಸು ಹಿಂಜರಿಯುತ್ತದೆ. ಆದರೆ ಕಂತು ಬರುವ ತನಕ ನಿಮ್ಮ ಕೈಸಾಲಕ್ಕೆ ತಿಂಗಳಿಗೆ 2 ಶೇಕಡಾ ಬಡ್ಡಿ ಓಡುತ್ತಿರುತ್ತದೆ. ಆ ದರದಲ್ಲಿ ಲೆಕ್ಕ ಹಾಕಿದರೆ 24 ಕಂತುಗಳ 58ರ ಇಂದಿನ ಬೆಲೆ 45.7 ಮಾತ್ರ. ಮೊದಲ ಪ್ರಸ್ತಾವ ನಿಜಕ್ಕೂ 103.7ಕ್ಕೆ ಸಮ. ವ್ಯತ್ಯಾಸ 18 ಅಲ್ಲ, 5.7. ಕೊನೆಯ 4 ಕಂತು ಬಾರದೆ ಹೋದರೆ ಸಾಕು, ಅದು 97.5ಕ್ಕೆ ಇಳಿದು ಎರಡನೆಯದಕ್ಕಿಂತ ಕೆಳಗೆ ಹೋಗುತ್ತದೆ. ಬಡ್ಡಿ ಸಾಲವಿರುವವರು 98 ನಗದನ್ನು ಗಂಭೀರವಾಗಿ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.

ಕಂತು ಒಪ್ಪಲೇಬೇಕಾದರೆ ಇವನ್ನು ಬಿಡಬೇಡಿ: ಮೊದಲ ಪಾವತಿಯಿಂದ ಕನಿಷ್ಠ ಮನೆಯ ಮೇಲಿನ ಸಾಲ ಪೂರ್ತಿ ತೀರಬೇಕು, ಕಂತಿಗೆ ಬಡ್ಡಿ ಇರಬೇಕು, ಮಾರಿದ ಯಂತ್ರಗಳ ಮೇಲೆ ನಿಮ್ಮ ಹೆಸರಿಗೆ ಅಡಮಾನ ಇರಬೇಕು, ಖರೀದಿದಾರರ ವೈಯಕ್ತಿಕ ಜಾಮೀನು ಇರಬೇಕು, 2 ಕಂತು ತಪ್ಪಿದರೆ ಉಳಿದದ್ದೆಲ್ಲ ಒಮ್ಮೆಗೇ ಕೊಡಬೇಕೆಂಬ ಷರತ್ತಿರಬೇಕು. "ಮುಂದಿನ ವರ್ಷದ ಲಾಭ ನೋಡಿ ಉಳಿದದ್ದು ಕೊಡುತ್ತೇನೆ" ಎಂಬ ಮೊತ್ತವನ್ನು ಸಾಲದ ಲೆಕ್ಕದಲ್ಲಿ ಸೊನ್ನೆಯೆಂದೇ ಬರೆದುಕೊಳ್ಳಿ. ಆ ಲಾಭ ಎಷ್ಟೆಂದು ಬರೆಯುವ ಲೇಖನಿ ನಿಮ್ಮ ಕೈಯಲ್ಲಿರುವುದಿಲ್ಲ.

ಬೆಲೆಯಷ್ಟೇ ತೂಕದ ಎರಡು ಷರತ್ತುಗಳಿವೆ. ಒಂದು ತರಬೇತಿ: ಮಾರಿದ ಮೇಲೆ ಎಷ್ಟು ದಿನ ಹೇಳಿಕೊಡಬೇಕು. "ಅಗತ್ಯವಿರುವಷ್ಟು ಕಾಲ" ಎಂದಿದ್ದರೆ ಹೊಡೆದುಹಾಕಿ. 4 ವಾರ, ವಾರಕ್ಕೆ 20 ಗಂಟೆ, ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ, ಆಮೇಲೆ 2 ತಿಂಗಳು ಫೋನಿನಲ್ಲಿ ಮಾತ್ರ, ಹೀಗೆ ಗಂಟೆ ಸಮೇತ ಬರೆಸಿ. ಇನ್ನೊಂದು ಪೈಪೋಟಿ ನಿಷೇಧ: ಇಷ್ಟು ವರ್ಷ, ಇಷ್ಟು ದೂರದೊಳಗೆ ಅದೇ ವ್ಯವಹಾರ ತೆರೆಯುವುದಿಲ್ಲ ಎಂಬ ಮಾತು. ಖರೀದಿದಾರರು ಇದನ್ನು ಕೇಳುವುದು ನ್ಯಾಯವೇ. ಆದರೆ ಸಿದ್ಧ ಮಾದರಿಗಳಲ್ಲಿ "ಉದ್ಯೋಗಿಯಾಗಿಯೂ" ಎಂಬ ಪದ ನುಸುಳಿರುತ್ತದೆ. ನಿಮಗೆ ಗೊತ್ತಿರುವ ಕಸುಬು ಇದೊಂದೇ ಆಗಿದ್ದು, ಮುಂದಿನ ತಿಂಗಳು ಇದರಲ್ಲೇ ಸಂಬಳಕ್ಕೆ ಸೇರಬೇಕಾಗಿದ್ದರೆ, ಆ ಒಂದು ಪದ ಮಕ್ಕಳ ಊಟಕ್ಕೇ ಅಡ್ಡ ಬರುತ್ತದೆ. ತೆಗೆಸದೆ ಸಹಿ ಹಾಕಬೇಡಿ.

ಹಂತ 9: ಕರಾರು

ಮಾರಾಟಕ್ಕೆ ಎರಡು ದಾರಿ. ಸ್ವತ್ತಿನ ಮಾರಾಟದಲ್ಲಿ ಯಂತ್ರ, ದಾಸ್ತಾನು, ಹೆಸರು, ಗಿರಾಕಿ ಬಳಗ ಇವಷ್ಟೇ ಹೋಗುತ್ತವೆ, ಸಾಲ ಸಾಮಾನ್ಯವಾಗಿ ನಿಮ್ಮಲ್ಲೇ ಉಳಿಯುತ್ತದೆ. ಷೇರು ಮಾರಾಟದಲ್ಲಿ ಕಂಪನಿಯೇ ಸಾಲ ಸಮೇತ ಕೈಬದಲಾಗುತ್ತದೆ. ಎರಡನೆಯದರಲ್ಲಿ ಸಾಲವೂ ಹೋಯಿತೆಂದು ನಿಟ್ಟುಸಿರು ಬಿಡುವವರೇ ಹೆಚ್ಚು. ಕಂಪನಿಯ ಸಾಲಕ್ಕೆ ನೀವು ವೈಯಕ್ತಿಕ ಜಾಮೀನು ನಿಂತಿದ್ದರೆ, ಸಾಲ ಕೊಟ್ಟವರು ಬರಹದಲ್ಲಿ ಬಿಡುಗಡೆ ಮಾಡುವ ತನಕ ಅದು ಹಾಗೆಯೇ ಇರುತ್ತದೆ. ಹೊಸ ಮಾಲೀಕರು ಕಂತು ತಪ್ಪಿಸಿದರೆ ನೋಟಿಸು ನಿಮ್ಮ ಮನೆಗೆ.

ಬಾಡಿಗೆ ಕರಾರಿನದೂ ಅದೇ ಕಥೆ. ಜಾಗದ ಮಾಲೀಕರ ಲಿಖಿತ ಒಪ್ಪಿಗೆಯ ಜೊತೆಗೆ, ಮುಂದಿನ ಬಾಡಿಗೆಗೆ ನೀವು ಹೊಣೆಯಲ್ಲ ಎಂಬ ಸಾಲು ಬೇಕು.

ನೀವು ಕೊಡುವ ಖಾತರಿಗಳಿಗೆ, ಅಂದರೆ "ಲೆಕ್ಕ ಸರಿಯಿದೆ, ಮುಚ್ಚಿಟ್ಟ ಬಾಕಿಯಿಲ್ಲ" ಎಂಬ ಮಾತುಗಳಿಗೆ, ಅವಧಿಯನ್ನೂ ಗರಿಷ್ಠ ಮೊತ್ತವನ್ನೂ ಹಾಕಿಸಿ. 12 ತಿಂಗಳು ಎಂಬುದು ಕೇಳಲು ಯೋಗ್ಯವಾದ ಅವಧಿ. ಮಿತಿಯಿಲ್ಲದಿದ್ದರೆ ಎತ್ತಿಟ್ಟ ಇಡುಗಂಟಿಗೂ ಭದ್ರತೆಯಿಲ್ಲ.

ಹಂತ 10: ಹಸ್ತಾಂತರದ ದಿನ

ಕ್ರಮ ತಪ್ಪಬಾರದು. ಹಿಂದಿನ ಸಂಜೆ ಇಬ್ಬರೂ ಸೇರಿ ದಾಸ್ತಾನು ಎಣಿಸಿ ಸಹಿ ಹಾಕಿ. ವಿದ್ಯುತ್, ನೀರಿನ ಮೀಟರುಗಳ ಫೋಟೊ ತೆಗೆಯಿರಿ. ಖರೀದಿದಾರರ ಹಣ ಎಸ್ಕ್ರೋ ಖಾತೆಗೆ ಬರಲಿ. ಷರತ್ತು ಪೂರೈಸುವ ತನಕ ಹಣವನ್ನು ಮೂರನೆಯವರ ಬಳಿ ಹಿಡಿದಿಡುವ ವ್ಯವಸ್ಥೆ ಅದು. ವಕೀಲರ ಕಕ್ಷಿದಾರ ಖಾತೆಯೂ ಆದೀತು. ಅಲ್ಲಿಂದ ತೀರುವಳಿ ಪತ್ರದ ಪ್ರಕಾರ ನೇರವಾಗಿ ಸಾಲ ಕೊಟ್ಟವರಿಗೆ ಹೋಗಲಿ, ತೆರಿಗೆಯ ಮೊತ್ತ ಪ್ರತ್ಯೇಕ ಖಾತೆಗೆ, ಉಳಿದದ್ದು ನಿಮಗೆ. ಹಣ ಜಮೆಯಾದ ಖಾತರಿ ಸಿಕ್ಕ ಮೇಲೆ ಬೀಗದ ಕೈ. ಚೆಕ್ ಹಿಡಿದು ಬಂದವರಿಗೆ ಅದು ನಗದಾಗುವ ತನಕ ಬೀಗದ ಕೈ ಇಲ್ಲ, ಅವರು ಎಷ್ಟೇ ಒಳ್ಳೆಯವರಾಗಿರಲಿ.

ಹಣ ನಿಮ್ಮ ಖಾತೆಗೆ ಬಂದು ಆಮೇಲೆ ಸಾಲಕ್ಕೆ ಹೋಗುವ ದಾರಿಯನ್ನು ಆದಷ್ಟು ತಪ್ಪಿಸಿ. ಬಾಕಿ ಕಂತಿಗಾಗಿ ಬ್ಯಾಂಕು ತಾನಾಗಿ ಹಿಡಿದುಕೊಳ್ಳಬಹುದು, ನೀವು ಹಾಕಿಕೊಂಡ ಕ್ರಮವೇ ಕೆಡುತ್ತದೆ.

ಹಸ್ತಾಂತರಕ್ಕೆ ಮೊದಲಿನ ಉದ್ರಿ ವಸೂಲಿ ಯಾರಿಗೆ ಸೇರಬೇಕು, ಆ ದಿನದ ಮೊದಲಿನ ಬಿಲ್ಲುಗಳನ್ನು ಯಾರು ಕಟ್ಟಬೇಕು ಎಂಬುದು ದಿನಾಂಕ ಸಮೇತ ಕರಾರಿನಲ್ಲಿರಲಿ.

ಹಂತ 11: ಮುಂದಿನ 90 ದಿನ

ಮೊದಲ ವಾರ: ಸ್ವಯಂಚಾಲಿತ ಕಂತು ಕಡಿತದ ಆದೇಶಗಳನ್ನು ರದ್ದುಮಾಡಿ, ಭದ್ರತೆಗೆಂದು ಕೊಟ್ಟಿದ್ದ ಸಹಿ ಮಾಡಿದ ಚೆಕ್ಕುಗಳನ್ನು ಮತ್ತು ಕೈಸಾಲದ ಪತ್ರಗಳನ್ನು ಎಣಿಸಿ ವಾಪಸು ಪಡೆಯಿರಿ. ತೀರಿದ ಸಾಲದ ಪತ್ರ ಬೇರೆಯವರ ಪೆಟ್ಟಿಗೆಯಲ್ಲಿ ಉಳಿಯಬಾರದು.

ಮೊದಲ ತಿಂಗಳು: ವ್ಯವಹಾರದ ಹೆಸರಿನ ತೆರಿಗೆ ನೋಂದಣಿ, ಪರವಾನಗಿ, ವಿಮೆ ರದ್ದುಮಾಡಿ ಅಥವಾ ವರ್ಗಾಯಿಸಿ. ನಿಮ್ಮ ಪರವಾನಗಿಯಲ್ಲಿ ಹೊಸ ಮಾಲೀಕರು "ಸ್ವಲ್ಪ ದಿನ" ನಡೆಸುತ್ತೇವೆಂದರೆ ಒಪ್ಪಬೇಡಿ, ತಪ್ಪು ನಡೆದರೆ ಹೊಣೆ ಪರವಾನಗಿದಾರರದು. ತೆರಿಗೆಗೆಂದು ಎತ್ತಿಟ್ಟ ಹಣವನ್ನು ಶಾಲಾ ಶುಲ್ಕಕ್ಕೂ ಮುಟ್ಟಬೇಡಿ. ಶುಲ್ಕಕ್ಕೆ ಕಂತು ಕೇಳಿದರೆ ಶಾಲೆಯವರು ಒಪ್ಪಬಹುದು.

60ರಿಂದ 90 ದಿನದೊಳಗೆ: ಸಾಲ ಇತಿಹಾಸದ ವರದಿ ತರಿಸಿ ಪ್ರತಿ ಸಾಲದ ಮುಂದೆ ಏನು ಬರೆದಿದೆ ನೋಡಿ. ಅಡಮಾನ ನೋಂದಣಿಯಾದ ಕಚೇರಿಯಲ್ಲಿ ಮನೆಯ ಮೇಲಿನ ಋಣಭಾರ ತೆಗೆದಿದ್ದಾರೆಯೇ ಎಂದು ದಾಖಲೆ ತೆಗೆಸಿ ಓದಿ. ಸಾಲ ತೀರಿದ ಪತ್ರ ಕೊಟ್ಟರೂ ನೋಂದಣಿ ಕಚೇರಿಯ ನಮೂದನ್ನು ಹಾಗೆಯೇ ಬಿಡುವುದುಂಟು. ಇನ್ನೂ ಇದ್ದರೆ ತೀರುವಳಿ ಪತ್ರ, ಹಣ ಜಮೆಯಾದ ರಸೀದಿ ಎರಡರ ಪ್ರತಿ ಲಗತ್ತಿಸಿ, ಸಾಲ ಕೊಟ್ಟವರಿಗೆ ದಿನಾಂಕ ಹಾಕಿದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.